ಕಾಫಿ ಗಿಡಕ್ಕೇಕೆ ಮರದ ಕೊಡೆ?

ಮಾರ್ಚ್ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದು ಎಂಟೊಂಬತ್ತು ದಿನ ಕಳೆದಿರಬೇಕು. ಆಗ ಮೂಡಿಗೆರೆ, ಸಕಲೇಶಪುರ, ಮಡಿಕೇರಿಗಳ ಕಡೆ ಬಸ್ಸಿನಲ್ಲಿ ಹೋಗುವವರ ಮೂಗಿಗೆ ಕಿಟಕಿಯಿಂದ ಮಲ್ಲಿಗೆಯಂಥ ಪರಿಮಳ ತಟ್ಟನೆ ಬಡಿಯುತ್ತದೆ. ರಸ್ತೆಯ ಎರಡೂ ಬದಿಯ ಗಿಡಗಳ ಮೇಲೆ ಯಾರೋ ಹತ್ತಿ ಅಂಟಿಸಿದಂತೆ ಬಿಳಿ ಹೂವು. ಇದು ಎರಡು ಮೂರು ದಿನದ ವೈಭವ. ನಾಲ್ಕನೇ ದಿನ ಹೂವು ಕಂದುತ್ತದೆ. ನೋಡಲು ಬಂದವರು ಊರಿಗೆ ಹಿಂತಿರುಗುತ್ತಾರೆ. ತೋಟದ ಮಾಲೀಕ ಮತ್ತೊಂದು ಮಳೆಗಾಗಿ ಆಕಾಶ ನೋಡತೊಡಗುತ್ತಾನೆ.

ಅದೇ ಮಾರ್ಚಿನಲ್ಲಿ ತೋಟದೊಳಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಆಳುಗಳು ಸಾಲು ಹಿಡಿದು ಒಂದೊಂದೇ ಗಿಡದ ಬುಡದ ಬಳಿ ಬಗ್ಗಿ ಕಾಂಡವನ್ನು ಪರೀಕ್ಷಿಸುತ್ತ ಹೋಗುತ್ತಾರೆ. ಎಲೆ ಹಳದಿ ತಿರುಗಿ ಜೋಲುಬಿದ್ದಿದೆಯೇ? ತೊಗಟೆಯ ಮೇಲೆ ಬಳೆಯಂತೆ ಉಬ್ಬು ಎದ್ದಿದೆಯೇ? ಎದ್ದಿದ್ದರೆ ಆ ಗಿಡ ಎಷ್ಟೇ ಹೂ ಬಿಟ್ಟಿರಲಿ, ಕಿತ್ತು ಸುಡಬೇಕು. ತೋಟದ ಭಾಷೆಯಲ್ಲಿ ಇದಕ್ಕೆ ‘ಬೋರರ್ ಟ್ರೇಸಿಂಗ್’ ಎಂದು ಹೆಸರು. ಕಾಂಡದೊಳಗೆ ಸುರಂಗ ಕೊರೆಯುತ್ತಿರುವ ಬಿಳಿ ಕಾಂಡಕೊರಕದ ಹುಳುವನ್ನು ಹೊರಗಿನಿಂದ ಕಂಡುಹಿಡಿಯುವ ಕೆಲಸ ಇದು. ಹತ್ತು ವರ್ಷ ಸಾಕಿದ ಗಿಡವನ್ನು ಬೇರುಸಹಿತ ಎಳೆದುಹಾಕುವಾಗ ಸಣ್ಣ ಬೆಳೆಗಾರನಿಗೆ ಆಗುವ ಸಂಕಟ ಬೇರೆಯವರಿಗೆ ಅರ್ಥವಾಗುವುದು ಕಷ್ಟ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಕಡಿಮೆಯವು. ಕಾಫಿ ಎಂದೊಡನೆ ಬಂಗಲೆ, ಜೀಪು, ಕ್ಲಬ್ಬುಗಳನ್ನು ನೆನೆಯುವವರು ಈ ಅಂಕಿಯನ್ನು ಗಮನಿಸಬೇಕು.

ಈ ಹುಳುವಿನ ಕಥೆಗೂ, ತೋಟದ ಮೇಲೆ ಕೊಡೆ ಹಿಡಿದು ನಿಂತ ಮರಗಳಿಗೂ ನೂರೈವತ್ತು ವರ್ಷಕ್ಕೂ ಹಳೆಯ ನಂಟಿದೆ. ಅದನ್ನು ತಿಳಿಯಲು ಗಿಡದ ತವರಿಗೆ ಹೋಗಬೇಕು.

ಅರೇಬಿಕ ಎಂಬ ಹೆಸರು ಅರಬ್ಬರ ನಾಡಿನದಾದರೂ ಗಿಡದ ಮೂಲ ಇಥಿಯೋಪಿಯದ ನೈರುತ್ಯದ ಎತ್ತರದ ಕಾಡುಗಳು. ಅಲ್ಲಿ ಅದು ದೊಡ್ಡ ಮರಗಳ ಅಡಿಯಲ್ಲಿ, ಎಲೆಗಳ ಸಂದಿನಿಂದ ಸೋಸಿ ಬರುವ ಬೆಳಕಿನಲ್ಲಿ ಬೆಳೆಯುವ ನಿತ್ಯಹಸಿರು ಪೊದೆ. ರೋಬಸ್ಟ ಎಂದು ನಾವು ಕರೆಯುವ ಜಾತಿ ಮತ್ತು ಆಫ್ರಿಕದ ಇನ್ನೊಂದು ಕಾಡುಕಾಫಿ ಎಂದೋ ಕಾಡಿನಲ್ಲಿ ತಾವಾಗಿ ಬೆರೆತು ಅರೇಬಿಕ ಹುಟ್ಟಿತೆಂದು ಅದರ ವರ್ಣತಂತುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಅಂದರೆ ಬೆಳೆಗಾರರ ಬಾಯಲ್ಲಿ ಬದ್ಧ ಪ್ರತಿಸ್ಪರ್ಧಿಗಳಾದ ಅರೇಬಿಕ, ರೋಬಸ್ಟಗಳು ನಿಜದಲ್ಲಿ ಮಗಳು ಮತ್ತು ತಂದೆ. ಇಥಿಯೋಪಿಯದಿಂದ ಕೆಂಪು ಸಮುದ್ರ ದಾಟಿ ಯೆಮನ್ ಸೇರಿದ ಗಿಡ 15ನೇ ಶತಮಾನದ ಹೊತ್ತಿಗೆ ಅಲ್ಲಿನ ಸೂಫಿಗಳ ರಾತ್ರಿ ಜಪಕ್ಕೆ ನಿದ್ದೆ ಬಾರದಂತೆ ಕಾಯುವ ಪಾನೀಯವಾಗಿತ್ತು.

ಅಲ್ಲಿಂದ ನಮ್ಮ ಬೆಟ್ಟಕ್ಕೆ ಬಂದ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದ ತಮ್ಮ ಗುಹೆಯ ಬಳಿ ನೆಟ್ಟರೆಂಬುದು ಐತಿಹ್ಯ. ಕಾಲ 17ನೇ ಶತಮಾನ ಎನ್ನುತ್ತಾರೆ. ಇಲ್ಲಿ ಗಿಡದ ಸ್ವಭಾವ ಬಲ್ಲವರು ಒಂದು ಮಾತು ಸೇರಿಸಬಹುದು. ಹುರಿದ ಅಥವಾ ಬೇಯಿಸಿದ ಬೀಜ ಮೊಳೆಯುವುದಿಲ್ಲ. ಹಸಿ ಬೀಜಕ್ಕೂ ಆಯುಸ್ಸು ಕಡಿಮೆ. ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಆ ಏಳು ಬೀಜಗಳು ಸಿಪ್ಪೆಯ ಹೊದಿಕೆ ಸಹಿತ, ತಡವಿಲ್ಲದೆ ಸಮುದ್ರ ದಾಟಿರಲೇಬೇಕು. ಏಳೇ ಆಗಿದ್ದವೋ ಎಪ್ಪತ್ತೋ, ಅದು ಬೇರೆ ಮಾತು. 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಜಾವಾದಲ್ಲಿ ಕಾಫಿ ತೋಟ ಎಬ್ಬಿಸಲು ಸಸಿ ಒಯ್ದದ್ದು ನಮ್ಮ ಮಲಬಾರ್ ತೀರದಿಂದಲೇ ಎಂಬುದು ಮಾತ್ರ ದಾಖಲಾಗಿರುವ ಸಂಗತಿ.

ಮುಂದೆ ನೂರಾರು ವರ್ಷ ಕಾಫಿ ಮನೆಯ ಹಿತ್ತಲಲ್ಲಿ, ಕಾಡಿನಂಚಿನಲ್ಲಿ ತನ್ನಷ್ಟಕ್ಕೆ ಬೆಳೆದುಕೊಂಡಿತ್ತು. 1830ರ ಸುಮಾರಿಗೆ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ ಕ್ಯಾನನ್ ಎಂಬ ಇಂಗ್ಲಿಷರವನು ತೋಟ ಮಾಡಿದ. ನಂತರ ಮಂಜರಾಬಾದ್, ಕೊಡಗು, ವೈನಾಡುಗಳಲ್ಲಿ ಒಬ್ಬರ ಹಿಂದೊಬ್ಬರು ಬಂದರು. ಬಂದವರಲ್ಲಿ ಅನೇಕರು ಮಾಡಿದ್ದು ಒಂದೇ ತಪ್ಪು. ಕಾಡನ್ನು ಪೂರಾ ಕಡಿದು, ಬೆಂಕಿ ಹಾಕಿ, ಬಯಲಲ್ಲಿ ಕಾಫಿ ನೆಟ್ಟರು. ಮೊದಲ ಕೆಲವು ವರ್ಷ ಗಿಡ ಮುರಿದುಬೀಳುವಷ್ಟು ಫಸಲು ಕೊಟ್ಟಿತು. 1860ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟಿದ್ದೇ ತಡ, ಕಾಂಡಕೊರಕ ಎದ್ದಿತು. ತೋಟಕ್ಕೆ ತೋಟವೇ ಒಣಗಿತು. ಮದ್ರಾಸ್ ಸರ್ಕಾರ ಡಾ. ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ಕಳುಹಿಸಿತು. 1869ರಲ್ಲಿ ಅವರ ವರದಿ ಅಚ್ಚಾಯಿತು. ನೆರಳಿಲ್ಲದ ಬಯಲು ತೋಟ, ಒಣ ಹವೆ ಇವೇ ಹುಳುವಿಗೆ ಹಬ್ಬ ಎಂಬುದು ಅದರ ತಿರುಳು. ‘ಚಿಕ್’ ಎಂದು ಕರೆಯಲಾಗುತ್ತಿದ್ದ ಹಳೆಯ ತಳಿ ಅಲ್ಲಿಗೆ ಹಿನ್ನೆಲೆಗೆ ಸರಿಯಿತು.

ಅದೇ 1869ರಲ್ಲಿ ಸಿಂಹಳದಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ನೆಲ ಕಚ್ಚಿ, ಆ ಜಾಗದಲ್ಲಿ ಚಹಾ ಬಂತು. ಮೈಸೂರು, ಕೊಡಗುಗಳಿಗೂ ತುಕ್ಕು ಬಂದಿತಾದರೂ ಇಲ್ಲಿ ಕಾಫಿ ಉಳಿಯಿತು. ಉಳಿದದ್ದಕ್ಕೆ ಹಲವು ಕಾರಣಗಳಿರಬಹುದು. ಮರದ ನೆರಳಿನಲ್ಲಿ ಬೆಳೆಸುವುದನ್ನು ಇಲ್ಲಿನವರು ಕಲಿತುಕೊಂಡದ್ದು ಅವುಗಳಲ್ಲಿ ದೊಡ್ಡದು. ಮಂಜರಾಬಾದಿನಲ್ಲಿ 1856ರಿಂದ ತೋಟ ಮಾಡಿದ ರಾಬರ್ಟ್ ಎಲಿಯಟ್ ತಮ್ಮ ಪುಸ್ತಕದಲ್ಲಿ ಯಾವ ಮರದ ನೆರಳು ತಂಪು, ಯಾವುದು ಹಾನಿ ಎಂದು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅತ್ತಿ, ಬಸರಿ, ಗೋಣಿ ಮರಗಳನ್ನು ಉಳಿಸಿಕೊಳ್ಳಬೇಕೆಂಬುದನ್ನು ಸಾಹೇಬರು ಕಲಿತದ್ದು ಹಳ್ಳಿಗರನ್ನು ನೋಡಿಯೇ ಎಂದರೆ ತಪ್ಪಾಗಲಾರದು.

ಗಿಡದ ಒಳಗುಟ್ಟು

ನೆರಳು ಏಕೆ ಬೇಕು? ಬಿಸಿಲಿನಿಂದ ಕಾಪಾಡಲು ಎಂಬುದು ಅರ್ಧ ಉತ್ತರ. ಉಳಿದರ್ಧ ಗಿಡದ ಸ್ವಭಾವದಲ್ಲಿದೆ. ಮಾವಿನ ಮರ ತನ್ನಿಂದ ಸಾಕಲಾಗದ ಮಿಡಿಗಳನ್ನು ಉದುರಿಸಿಬಿಡುತ್ತದೆ. ಕಾಫಿ ಗಿಡಕ್ಕೆ ಆ ಜಾಣತನವಿಲ್ಲ. ಬೆಳಕು ಹೆಚ್ಚಾದಷ್ಟೂ ಹೆಚ್ಚು ಹೂ ಬಿಟ್ಟು, ಕಚ್ಚಿದ ಕಾಯನ್ನೆಲ್ಲ ಹಿಡಿದುಕೊಂಡು, ಅವನ್ನು ತುಂಬಲು ಎಲೆ ಮತ್ತು ಬೇರಿನಲ್ಲಿದ್ದ ಕಸುವನ್ನೆಲ್ಲ ಖರ್ಚುಮಾಡುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ರೆಂಬೆಗಳ ತುದಿ ಒಣಗಿ ಕರ್ರಗಾಗಿರುತ್ತವೆ. ಮರುವರ್ಷ ಫಸಲಿಲ್ಲ. ಇನ್ನೆರಡು ವರ್ಷ ಹೀಗೇ ಆದರೆ ಗಿಡವೇ ಇಲ್ಲ. ಮರದ ಕೊಡೆ ಬೆಳಕನ್ನು ಅಳೆದು ಕೊಡುವುದರಿಂದ ಗಿಡ ತಾಳುವಷ್ಟೇ ಹೊರುತ್ತದೆ. ಉದುರಿದ ಎಲೆ ಕೊಳೆತು ಗೊಬ್ಬರವಾಗುತ್ತದೆ, ನೆಲದ ತೇವ ಆರುವುದಿಲ್ಲ. ಇಳಿಜಾರಿನ ಮಣ್ಣು ಮುಂಗಾರಿನಲ್ಲಿ ಕೊಚ್ಚಿಹೋಗದಂತೆ ಮರದ ಬೇರು ಹಿಡಿದಿರುತ್ತದೆ.

ಹಾಗೆಂದು ಕತ್ತಲೆಯಲ್ಲಿ ಬೆಳೆಸಿದರೂ ಬಾರದು. ಜೂನಿನಿಂದ ಮೂರು ತಿಂಗಳು ಸೂರ್ಯನೇ ಕಾಣದ ಮಲೆನಾಡಿನಲ್ಲಿ ದಟ್ಟ ನೆರಳಿದ್ದರೆ ಕೊಳೆರೋಗ ಬರುತ್ತದೆ. ಎಲೆ, ಕಾಯಿ ಕಪ್ಪಾಗಿ, ಉದುರದೆ, ಜೇಡನ ಬಲೆಯಂಥ ಎಳೆಯಲ್ಲಿ ಜೋತಾಡುತ್ತವೆ. ಅಡಿಕೆಯ ಕೊಳೆರೋಗಕ್ಕೂ ಇದಕ್ಕೂ ಹೆಸರೊಂದೇ, ಶಿಲೀಂಧ್ರ ಬೇರೆ. ಕಾಫಿಯ ಕೊಳೆರೋಗದ ಶಿಲೀಂಧ್ರವನ್ನು 1876ರಲ್ಲಿ ವಿವರಿಸಿದ ಇಂಗ್ಲೆಂಡಿನ ಎಂ. ಸಿ. ಕುಕ್ ಅದರ ಲ್ಯಾಟಿನ್ ಹೆಸರಿನಲ್ಲಿ ‘ಕೊಳೆರೋಗ’ ಎಂಬ ಕನ್ನಡ ಮಾತನ್ನೇ ಇಟ್ಟುಬಿಟ್ಟರು. ವಿಜ್ಞಾನಿಗಳು ಈಗಲೂ ಅದನ್ನು ‘ಕೊಲೆರೋಗ ನಾಕ್ಸಿಯ’ ಎಂದು ಕರೆಯುತ್ತಾರೆ. ಮಲೆನಾಡಿನ ರೈತನ ಗೋಳು ಹೀಗೆ ಲ್ಯಾಟಿನ್ನಿಗೂ ಹೋಗಿ ಕುಳಿತಿದೆ!

ಅದಕ್ಕಾಗಿಯೇ ‘ಮರಗಸಿ’. ಮುಂಗಾರಿಗೆ ಮುಂಚೆ ಆಳುಗಳು ಹಗ್ಗ, ಕತ್ತಿ ಹಿಡಿದು ಮರ ಏರಿ, ಹಾಲುವಾಣದ ಕೊಂಬೆಗಳನ್ನು ಸವರಿ ಬೆಳಕು ಬಿಡುತ್ತಾರೆ. ಬೇಸಿಗೆಯ ಹೊತ್ತಿಗೆ ಅದು ಮತ್ತೆ ಚಿಗುರಿ ಕೊಡೆಯಾಗಿರುತ್ತದೆ. ಒಳ್ಳೆಯ ತೋಟದಲ್ಲಿ ನೆರಳು ಎರಡು ಅಂತಸ್ತಿನದು. ಕೆಳಗೆ ಹಾಲುವಾಣ, ಮೇಲೆ ಹಲಸು, ಅತ್ತಿ, ಗೋಣಿಯಂಥ ಕಾಡುಮರ. ಯಾವ ಕೊಂಬೆ ಸವರಬೇಕು, ಯಾವುದು ಬಿಡಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಮರ ಹತ್ತಬಲ್ಲ ನುರಿತ ಕೈಗಳು ತೋಟಗಳಲ್ಲಿ ಕಡಿಮೆಯಾಗುತ್ತಿರುವುದು ಬೆಳೆಗಾರರ ಇಂದಿನ ದೊಡ್ಡ ದೂರು.

ಗಿಡವನ್ನು ಸವರುವ ‘ಗಿಡಗಸಿ’ ಇನ್ನೂ ನಾಜೂಕಿನದು. ಕಾಫಿ ಗಿಡದಲ್ಲಿ ಎರಡು ಬಗೆಯ ಬೆಳವಣಿಗೆ. ನೆಟ್ಟಗೆ ಮೇಲೇಳುವ ಕಾಂಡ ಒಂದು, ಅದರ ಗೆಣ್ಣುಗಳಿಂದ ಜೋಡಿ ಜೋಡಿಯಾಗಿ ಚಾಚುವ ಅಡ್ಡ ರೆಂಬೆಗಳು ಇನ್ನೊಂದು. ಫಸಲು ಬರುವುದು ಅಡ್ಡ ರೆಂಬೆಯಲ್ಲಿ, ಅದೂ ಹಿಂದಿನ ವರ್ಷ ಬೆಳೆದ ಭಾಗದಲ್ಲಿ. ಮೊದಲ ಸಾಲಿನ ಅಡ್ಡ ರೆಂಬೆ ಮುರಿದುಹೋದರೆ ಆ ಗೆಣ್ಣಿನಲ್ಲಿ ಮತ್ತೊಂದು ಬರುವುದಿಲ್ಲ. ಅಡ್ಡ ರೆಂಬೆಯ ತುಂಡನ್ನು ಬೇರು ಬರಿಸಿ ನೆಟ್ಟರೆ ಅದು ಜೀವನವಿಡೀ ಅಡ್ಡಡ್ಡವೇ ಬೆಳೆಯುತ್ತದೆ, ಮೇಲೇಳುವುದೇ ಇಲ್ಲ. ಆದ್ದರಿಂದ ಕೊಯ್ಲಾದ ಮೇಲೆ ಹಳೆಯ, ಒಣಗಿದ, ಒಂದರ ಮೇಲೊಂದು ಹಾಯ್ದ ರೆಂಬೆಗಳನ್ನು ತೆಗೆದು, ಮುಂದಿನ ಫಸಲು ಹೊರುವ ಎಳೆಯ ರೆಂಬೆ ಉಳಿಸಬೇಕು. ಗಿಡದ ನಡುಭಾಗಕ್ಕೆ ಗಾಳಿ ಬೆಳಕು ಆಡುವಂತೆ ಬಿಡಿಸಬೇಕು. ಕಾಂಡದಿಂದ ನೆಟ್ಟಗೆ ಏಳುವ ‘ಕಂಬಚಿಗುರು’ ಕಂಡಲ್ಲೆಲ್ಲ ಕಿತ್ತುಹಾಕಬೇಕು, ಇಲ್ಲದಿದ್ದರೆ ಅದು ಕಸುವನ್ನೆಲ್ಲ ಹೀರಿಕೊಳ್ಳುತ್ತದೆ. ಕೈಗೆಟಕುವಷ್ಟು ಎತ್ತರಕ್ಕೆ ತುದಿ ಚಿವುಟದಿದ್ದರೆ ಗಿಡ ಹತ್ತು ಹದಿನೈದು ಅಡಿಯ ಮರವಾಗಿ ಹಣ್ಣು ಹಕ್ಕಿಗಳ ಪಾಲು.

ಹೂವಿನ ಲೆಕ್ಕವೂ ವಿಚಿತ್ರ. ಮೊಗ್ಗು ಡಿಸೆಂಬರ್, ಜನವರಿಯಲ್ಲೇ ಮೂಡಿ ನಿದ್ದೆಯಲ್ಲಿರುತ್ತದೆ. ಬಿಸಿಲಿಗೆ ಬಾಡಿದ ಗಿಡದ ಮೇಲೆ ಒಂದೊಂದೂವರೆ ಅಂಗುಲ ಮಳೆ ಬಿದ್ದರೆ ಮಾತ್ರ ಎಚ್ಚರಗೊಳ್ಳುತ್ತದೆ. ಚಿಮುಕು ಮಳೆ ಬಿದ್ದರೆ ಮೊಗ್ಗು ಅರೆಬಿರಿದು ಕೆಡುತ್ತದೆ. ಹೂ ಬಿರಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಹೂವಾದ ಎರಡು ಮೂರು ವಾರದೊಳಗೆ ಬೆನ್ನುಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ವರ್ಷದ ಆದಾಯ ಎರಡು ಮಳೆಯ ಮೇಲೆ ನಿಂತ ಬೇಸಾಯ ಇದು. ಅರೇಬಿಕ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೋಬಸ್ಟಕ್ಕೆ ಇನ್ನೂ ಎರಡು ತಿಂಗಳು ಹೆಚ್ಚು.

ಬೆಂಗಳೂರು, ಮೈಸೂರಿನ ಹಿತ್ತಲಲ್ಲಿ ಒಂದು ಗಿಡ ಸಾಕುವ ಆಸೆ ಅನೇಕರಿಗಿದೆ. ಅದು ಸಾಧ್ಯ. ಮಾವಿನ ಮರದ ಅಂಚಿನ ನೆರಳು, ನೀರು ನಿಲ್ಲದ ಮಣ್ಣು, ಒಣಗಿದ ಎಲೆಯ ಹೊದಿಕೆ ಸಾಕು. ಅಂಗಡಿಯ ಹುರಿದ ಬೀಜ ಹಾಕಿ ಕಾಯುವುದು ಬೇಡ. ಕೆಂಪು ಹಣ್ಣನ್ನು ಹಿಚುಕಿ ತೆಗೆದ ಬೀಜಕ್ಕೆ ಸೌದೆಯ ಬೂದಿ ಸವರಿ, ನೆರಳಲ್ಲಿ ಆರಿಸಿ, ಡಿಸೆಂಬರ್–ಜನವರಿಯಲ್ಲಿ ಮಡಿಗೆ ಹಾಕಿ ಭತ್ತದ ಹುಲ್ಲು ಹೊದಿಸುವುದು ನರ್ಸರಿಯವರ ಕ್ರಮ. ಒಂದೂವರೆ ತಿಂಗಳಲ್ಲಿ ಬೀಜವೇ ಟೊಪ್ಪಿಯಂತೆ ತಲೆಯ ಮೇಲೆ ಹೊತ್ತು ಮೊಳಕೆ ಏಳುತ್ತದೆ. ಅರೇಬಿಕ ತನ್ನ ಪರಾಗದಿಂದಲೇ ಕಾಯಿ ಕಚ್ಚುವುದರಿಂದ ಒಂಟಿ ಗಿಡವೂ ಫಲ ಕೊಡುತ್ತದೆ. ರೋಬಸ್ಟಕ್ಕೆ ಜೊತೆ ಬೇಕು. ಮೂರು ನಾಲ್ಕು ವರ್ಷ ತಾಳ್ಮೆ ಇರಬೇಕು. ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಎಂಬ ಲೆಕ್ಕ ಗೊತ್ತಾದ ಮೇಲೆ ಪುಡಿ ಕೊಳ್ಳುವ ಅಂಗಡಿಯನ್ನು ಬಿಡಲಾಗದು ಎಂಬುದೂ ಗೊತ್ತಾಗುತ್ತದೆ.

ಹುಳುವಿನ ಎದುರು

ಮತ್ತೆ ಆ ಕಾಂಡಕೊರಕಕ್ಕೆ ಬರೋಣ. ಇದರ ದುಂಬಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೊರಬಂದು ಹಾರಾಡುತ್ತದೆ. ಬಿಸಿಲು ಬಿದ್ದ ಕಾಂಡದ ಒರಟು ತೊಗಟೆಯ ಬಿರುಕುಗಳೇ ಮೊಟ್ಟೆಯಿಡಲು ಅದಕ್ಕೆ ಪ್ರಿಯ. ಮರಿಹುಳು ಒಳಹೊಕ್ಕು ತಿಂಗಳುಗಟ್ಟಲೆ ಕೊರೆಯುತ್ತದೆ. ಒಮ್ಮೆ ಒಳಹೊಕ್ಕಿತೆಂದರೆ ಯಾವ ಔಷಧಿಯೂ ತಲುಪುವುದು ಕಷ್ಟ. ದುಂಬಿ ಹೊರಡುವ ಮುಂಚೆಯೇ ಗಿಡ ಕಿತ್ತು ಸುಡುವ ಕೆಲಸ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನಡೆಯುವುದು ಈ ಕಾರಣಕ್ಕೆ. ಹಿಂದೆ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದರು. ದೀರ್ಘಕಾಲ ಉಳಿಯುವ ವಿಷವಾದ ಅದರ ಬಳಕೆಯನ್ನು ದೇಶದಲ್ಲಿ 2013ರಿಂದ ನಿಷೇಧಿಸಲಾಗಿದೆ. ನಿಷೇಧ ಸರಿಯಾದದ್ದೇ. ಆದರೆ ಅಷ್ಟೇ ಪರಿಣಾಮದ ಬದಲಿ ಬೆಳೆಗಾರನ ಕೈಗೆ ಬರಲಿಲ್ಲ. ತೆಂಗಿನ ನಾರಿನಿಂದ ತೊಗಟೆ ಉಜ್ಜಿ ನುಣುಪು ಮಾಡುವುದು, ಸುಣ್ಣದ ತಿಳಿ ಬಳಿಯುವುದು, ಇವೆಲ್ಲ ಇವೆ. ಆಳು ಸಿಗಬೇಕು, ಕೂಲಿ ಕೊಡಬೇಕು.

ರೋಗ ತಡೆವ ತಳಿಯ ಹುಡುಕಾಟ ಹಳೆಯದು. 20ನೇ ಶತಮಾನದ ಆರಂಭದಲ್ಲಿ ಒಂದು ತೋಟದಲ್ಲಿ ಆರಿಸಿದ ‘ಕೆಂಟ್ಸ್’ ತಳಿ ಆ ಕಾಲದ ತುಕ್ಕುರೋಗವನ್ನು ತಡೆದು ಹೆಸರಾಯಿತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅದರ ಹಿಂದಿದ್ದವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್. ಅಲ್ಲಿಂದ 1940ರ ದಶಕದ ಮಧ್ಯದಲ್ಲಿ ಬಂದ ಎಸ್. 795 ಇಂದಿಗೂ ಹಲವು ತೋಟಗಳ ಬೆನ್ನೆಲುಬು. ಅದರ ಒಂದು ಕಡೆಯ ಪೋಷಕ ಕೆಂಟ್ಸ್. 2007ರಲ್ಲಿ ಬಿಡುಗಡೆಯಾದ ಕುಳ್ಳನೆಯ ‘ಚಂದ್ರಗಿರಿ’ ಪೊದೆಯಂತೆ ಬೆಳೆದು ಕಾಂಡವನ್ನು ಎಲೆಯಿಂದ ಮುಚ್ಚಿಕೊಳ್ಳುತ್ತದೆ. ಅದರಿಂದ ಹುಳುವಿನ ಕಾಟ ತುಸು ಕಡಿಮೆ ಎಂಬುದು ಬೆಳೆಗಾರರ ಅನುಭವ. ಪೂರ್ತಿ ತಡೆಯುವ ಅರೇಬಿಕ ಮಾತ್ರ ಇನ್ನೂ ತೋಟಕ್ಕೆ ಬಂದಿಲ್ಲ.

ರೋಬಸ್ಟಕ್ಕೆ ಈ ಹುಳುವಿನ ಭಯ ಅಷ್ಟಾಗಿ ಇಲ್ಲ. ತುಕ್ಕಿನದೂ ಇಲ್ಲ. ಹೆಚ್ಚು ಬಿಸಿಲು ತಾಳುತ್ತದೆ, ಸ್ಪ್ರಿಂಕ್ಲರ್‌ನಿಂದ ಹೂಮಳೆ ಸುರಿಸಿದರೆ ಫಸಲು ಖಾತ್ರಿ. 1950ರ ಸುಮಾರಿಗೆ ದೇಶದ ಕಾಫಿಯಲ್ಲಿ ಬಹುಪಾಲು ಅರೇಬಿಕವಾಗಿತ್ತು. ಈಗ ಲೆಕ್ಕ ತಿರುಗಿ, ಹತ್ತರಲ್ಲಿ ಏಳು ಪಾಲು ರೋಬಸ್ಟ. 2024ರಲ್ಲಿ ರೋಬಸ್ಟ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲಂತೂ ‘ಅರೇಬಿಕ ಯಾಕೆ ಬೇಕು?’ ಎಂಬ ಪ್ರಶ್ನೆಗೆ ಮನೆಮನೆಗಳಲ್ಲಿ ಉತ್ತರ ಹುಡುಕುವುದು ಕಷ್ಟವಾಗಿದೆ. ವರ್ಷವೂ ನೂರಿನ್ನೂರು ಗಿಡ ಕಿತ್ತು ಸುಡುವವನಿಗೆ, 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೂರ್ಗ್ ಅರೇಬಿಕಗಳಿಗೆ ಭೌಗೋಳಿಕ ಗುರುತು ಸಿಕ್ಕಿತೆಂಬ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ.

ಆದರೆ ಗಿಡ ಬದಲಾದರೆ ಕೊಡೆಯೂ ಬದಲಾಗುತ್ತದೆ. ರೋಬಸ್ಟಕ್ಕೆ ಬೆಳಕು ಹೆಚ್ಚು ಬೇಕು. ಹಳೆಯ ಅತ್ತಿ, ಗೋಣಿಗಳು ಇಳಿಯುತ್ತವೆ. ಆ ಜಾಗದಲ್ಲಿ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಏಳುತ್ತದೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗಿದ್ದು ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಕಾಡುಮರಗಳಷ್ಟು ಕಾಗದಪತ್ರದ ಗೋಜಿಲ್ಲ. ರೈತನ ಲೆಕ್ಕದಲ್ಲಿ ಯಾವುದೂ ತಪ್ಪಿಲ್ಲ. ಅತ್ತಿಹಣ್ಣಿಗೆ ಬರುತ್ತಿದ್ದ ಕುಟುರ ಹಕ್ಕಿ, ಮಂಗಟ್ಟೆಗಳಿಗೆ ಮಾತ್ರ ಸಿಲ್ವರ್ ಓಕಿನಲ್ಲಿ ತಿನ್ನಲು ಏನೂ ಇಲ್ಲ. ಹೇಮಾವತಿ, ಭದ್ರಾ, ಕಾವೇರಿಗಳ ತಲೆಯ ಮೇಲಿನ ಈ ಇಳಿಜಾರುಗಳಲ್ಲಿ ಮಳೆನೀರನ್ನು ಇಂಗಿಸುತ್ತಿದ್ದುದು ಕಾಡಿನಂತೆಯೇ ಇದ್ದ ಈ ತೋಟಗಳು. ಕಾಫಿ ಕುಡಿಯದವರಿಗೂ ಈ ಸಂಗತಿ ಸಂಬಂಧಿಸಿದ್ದು.

ಬೇಸಿಗೆಯ ಮೊದಲ ಮಳೆಗಳ ನಂತರ, ಸುಟ್ಟ ಗಿಡಗಳ ಜಾಗದಲ್ಲಿ ಒಂದೂವರೆ ಅಡಿಯ ಗುಂಡಿಗಳನ್ನು ತೆಗೆದು ಮಣ್ಣು ಆರಲು ಬಿಡುತ್ತಾರೆ. ಜೂನಿನಲ್ಲಿ ಸಸಿ ನೆಡಬೇಕು. ನರ್ಸರಿಯ ಚಪ್ಪರದಡಿ ಕಪ್ಪು ಪಾಲಿಥೀನ್ ಚೀಲಗಳಲ್ಲಿ ಎರಡೂ ಬಗೆಯ ಸಸಿಗಳು ಇರುತ್ತವೆ. ಒಂದರ ಎಲೆ ಸಣ್ಣದು, ಕಡು ಹಸಿರು; ಇನ್ನೊಂದರದು ಅಗಲ, ಸುಕ್ಕು ಸುಕ್ಕು. ಎಷ್ಟು ಚೀಲ ಯಾವುದು ಎಂದು ಹೇಳಲು ಬೆಳೆಗಾರನಿಗೆ ಮೇ ಕೊನೆಯವರೆಗೆ ಸಮಯವಿದೆ.